ರುಕಿಯಮ್ಮ ಒಮ್ಮೆ ನಂಬಿದ್ದು

ರುಕಿಯಮ್ಮ ಯಾವ ಪ್ರಶ್ನೆಯನ್ನೂ ಒಂದೇ ಸಲ ಕೇಳಿ ಬಿಟ್ಟವರಲ್ಲ. ಮೊದಲ ಸಲ ಎದುರಿನಿಂದ ಕೇಳುತ್ತಾರೆ. ಉತ್ತರ ಸಿಕ್ಕಿದ ಮೇಲೆ, ನೀವು ಆ ಮಾತನ್ನೇ ಮರೆತು ಚಹಾ ಕುಡಿಯುತ್ತಿರುವಾಗ, ಅದೇ ಪ್ರಶ್ನೆಗೆ ಬೇರೆ ಬಟ್ಟೆ ತೊಡಿಸಿ ಹಿತ್ತಿಲ ಬಾಗಿಲಿನಿಂದ ಒಳಗೆ ಕಳಿಸುತ್ತಾರೆ. ಕಾಪುವಿನ ಅವರ ಮನೆಯ ಮಹಡಿಯ ಕೋಣೆಗೆ ನಾನು ಬಾಡಿಗೆಗೆ ಬಂದ ಹೊಸದರಲ್ಲಿ, ಒಂದು ಭಾನುವಾರ ಸಂಜೆ, ಎಲ್ಲಿಗೆ ಹೋಗಿದ್ದೆ ಎಂದು ವಿಚಾರಿಸಿದರು. ಕಾರ್ಕಳದ ಅತ್ತೆಯ ಮನೆಗೆ ಎಂದೆ. ಅತ್ತೆಯ ಆರೋಗ್ಯ ಕೇಳಿದರು, ಅಲ್ಲಿ ಮಳೆ ಉಂಟಾ ಎಂದು ಕೇಳಿದರು, ನನ್ನ ಉತ್ತರಗಳಿಗೆಲ್ಲ ಸಮಾಧಾನದಿಂದ ತಲೆದೂಗಿದರು, ಕೊನೆಗೆ ಮೆಟ್ಟಿಲ ಬುಡದಲ್ಲಿದ್ದ ನನ್ನ ಚಪ್ಪಲಿಗಳತ್ತ ದೃಷ್ಟಿ ಹಾಯಿಸಿ, "ಕಾರ್ಕಳಕ್ಕೆ ಕಡಲು ಯಾವಾಗ ಬಂತು ಮಾರಾಯ?" ಎಂದರು. ಚಪ್ಪಲಿಯ ತುಂಬ ಮರಳು. ನಾನು ಲೈಟ್‌ಹೌಸಿನ ಬಂಡೆಯ ಮೇಲೆ ಒಬ್ಬನೇ ಕೂತು ಚುರುಮುರಿ ತಿಂದು ಬಂದಿದ್ದೆ. ಮುಚ್ಚಿಡಬೇಕಾದ ರಹಸ್ಯವೇನಾದರೂ ಇದ್ದಿದ್ದರೆ ಸಿಕ್ಕಿಬಿದ್ದದ್ದಕ್ಕೆ ಒಂದು ಘನತೆಯಾದರೂ ಇರುತ್ತಿತ್ತು.

ಅವರದು ಭಾರೀ ಶರೀರ, ಆದರೆ ನಡಿಗೆಗೆ ಸದ್ದಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡ ಬೀಗದಕೈ ಗೊಂಚಲನ್ನು, ಅದು ಕಿಣಿಗುಟ್ಟಿ ತಮ್ಮ ಬರುವಿಕೆಯನ್ನು ಸಾರದಂತೆ, ಎಡಗೈಯಲ್ಲಿ ಅದುಮಿ ಹಿಡಿದೇ ಕೋಣೆಯಿಂದ ಕೋಣೆಗೆ ಸಂಚರಿಸುತ್ತಾರೆ. ಶಂಕರಪುರದಿಂದ ಮಲ್ಲಿಗೆ ತರುವ ಕುಶಲಾ ಗೇಟಿನಲ್ಲಿ ಬುಟ್ಟಿ ಇಳಿಸಿದರೆ, ಇವರು ಹೂವಿನ ಚೆಂಡನ್ನು ಮೂಸಿ ನೋಡುವುದಿಲ್ಲ; ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. "ಬೆಳಗಿನ ತಂಪು ಬೇರೆ, ಫ್ರಿಜ್ಜಿನ ತಂಪು ಬೇರೆ" ಎಂದು ನಿರ್ಣಯಿಸುತ್ತಾರೆ. "ನಿಮ್ಮ ಕೆನ್ನೆಗೆ ಕೋರ್ಟಿನಲ್ಲಿ ಕೆಲಸ ಕೊಡಬೇಕು ರುಕಿಯಮ್ಮ" ಎಂದು ಕುಶಲಾ ಗೊಣಗುತ್ತಾಳೆ, ಮರುದಿನ ಮತ್ತೆ ಬರುತ್ತಾಳೆ.

ನನ್ನ ಉದ್ಯೋಗದ ಬಗೆಗಂತೂ ಅವರಿಗೆ ಆಳವಾದ ಅವಿಶ್ವಾಸ. ಉಡುಪಿಯಲ್ಲಿ ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮೆಷಿನ್ ಮಾರುವ ಅಂಗಡಿಯೊಂದರ ದೂರು ವಿಭಾಗದಲ್ಲಿ ನಾನು ಕೂರುತ್ತೇನೆ. ಯಂತ್ರ ಗಡಗಡ ಎನ್ನುತ್ತದೆಂದು ಬಂದವರಿಗೆ "ಹೊಸದರಲ್ಲಿ ಹಾಗೇ ಮೇಡಂ, ಇನ್ನೆರಡು ದಿನ ಬಳಸಿ ನೋಡಿ, ಸರಿಯಾಗುತ್ತದೆ" ಎಂದು ಮುಗುಳ್ನಕ್ಕು ಕಳಿಸುವುದಕ್ಕೆ ನನಗೆ ತಿಂಗಳ ಸಂಬಳ. ಇದನ್ನು ಕೇಳಿ ರುಕಿಯಮ್ಮ, "ಇಷ್ಟು ಹೇಳಲಿಕ್ಕೆ ನೀನು ಡಿಗ್ರಿ ಮಾಡಿದ್ದಾ?" ಎಂದಿದ್ದರು. ಎರಡನೆಯ ಸಲ, ಬೇರೆ ದಿಕ್ಕಿನಿಂದ, "ನಿನ್ನ ಅಪ್ಪ ಅಮ್ಮನಿಗೆ ಗೊತ್ತುಂಟಾ?" ಎಂದೂ ಕೇಳಿದರು.

ಮನೆಯಲ್ಲಿ ಅವರ ಗಂಡ ಉಸ್ಮಾನ್ ಬ್ಯಾರಿಯವರು, ಶಿರ್ವದ ಶಾಲೆಯೊಂದರಲ್ಲಿ ಪಾಠ ಹೇಳುವ ಸೊಸೆ ಹಫೀಝಾ, ಮತ್ತು ಓಡಲು ಕಲಿತು ಇನ್ನೂ ಹೆಚ್ಚು ಕಾಲವಾಗದ ಮೊಮ್ಮಗಳು ಹಿಬಾ. ಮಗ ನವಾಝ್ ಕೆಲಸಕ್ಕೆಂದು ಕೊಲ್ಲಿ ದೇಶದ ದಮ್ಮಾಮಿನಲ್ಲಿ. ಹಫೀಝಾ ಶಾಲೆಗೆ ಹೋದ ಹೊತ್ತಿನಲ್ಲಿ ಮಗು ಅಜ್ಜಿಯ ವಶ. ಆ ವಶದಲ್ಲಿ ಮಗುವಿಗೆ ಒಂದು ಸೊಳ್ಳೆ ಕಡಿದದ್ದೂ ಇಲ್ಲವೆಂಬುದು ರುಕಿಯಮ್ಮನ ಹೆಮ್ಮೆ. ಹಿಂದೊಮ್ಮೆ, ರಜೆಯ ದಿನ ತಾಯಿಯ ಬಳಿ ಇದ್ದಾಗ ಹಿಬಾಳ ಹಣೆಯಲ್ಲಿ ಒಂದು ಬುಗುಟು ಎದ್ದಿತ್ತು. ಗೋಡೆಗೆ ತಾಗಿತು ಎಂದಳು ಹಫೀಝಾ. "ಗೋಡೆ ತಾನೇ ಬಂದು ಹೊಡೆಯಿತಾ?" ಎಂದು ಶುರುವಾದ ವಿಚಾರಣೆ ಬುಗುಟು ಇಳಿದು ಹೋದ ಮೇಲೂ ನಡೆಯಿತು. ಹಫೀಝಾ ಒಂದು ಮಾತೂ ಎದುರಾಡಲಿಲ್ಲ. ಆ ಮೌನವನ್ನೂ ರುಕಿಯಮ್ಮ ಸಂಶಯದಿಂದಲೇ ಕಂಡರು.

ಹೀಗಿರುವಾಗ ಒಂದು ಸಂಜೆ ಹಿಬಾ ಕುಂಟತೊಡಗಿದಳು. ಬಿದ್ದದ್ದನ್ನು ಯಾರೂ ಕಂಡಿಲ್ಲ, ಪಾದದಲ್ಲಿ ಮುಳ್ಳಿಲ್ಲ, ಊತವಿಲ್ಲ, ಅಳುವೂ ಇಲ್ಲ. ಎಡಗಾಲನ್ನು ಮಾತ್ರ ಅರೆಮನಸ್ಸಿನಿಂದ ಊರಿ, ಮೈಯನ್ನು ಒಂದು ಕಡೆಗೆ ವಾಲಿಸಿ, ಚಾವಡಿಯ ಉದ್ದಕ್ಕೆ ತೊನೆಯುತ್ತ ಬಂದಳು. ಉಸ್ಮಾನ್ ಬ್ಯಾರಿಯವರು ಯೌವನದಲ್ಲಿ ಮಲ್ಪೆಯಲ್ಲಿ ಲಾರಿಯಿಂದ ಬಿದ್ದು ಮೊಣಕಾಲು ಕೆಡಿಸಿಕೊಂಡವರು. ಅವರ ನಡಿಗೆಯೂ ಹೀಗೆಯೇ, ದಡ ಸೇರಲು ಮನಸ್ಸಿಲ್ಲದ ದೋಣಿಯಂತೆ. ರುಕಿಯಮ್ಮ ಒಂದು ಕ್ಷಣ ನೋಡಿದರು, ಆಮೇಲೆ ನಕ್ಕರು. "ಅಜ್ಜನ ನಡಿಗೆ ಕದ್ದಿದ್ದಾಳೆ, ಕಳ್ಳಿ" ಎಂದರು.

ಮನೆಗೆ ಮನೆಯೇ ನಕ್ಕಿತು. ವೀಡಿಯೋ ಕರೆಯಲ್ಲಿ ನವಾಝ್ ಇನ್ನೊಮ್ಮೆ ನಡೆಸಿ ತೋರಿಸಿ ಎಂದ. ತನ್ನ ಕುಂಟುವಿಕೆಗೂ ಒಬ್ಬ ವಾರಸುದಾರಳು ಸಿಕ್ಕಿದ ಆನಂದದಲ್ಲಿ ಉಸ್ಮಾನ್ ಬ್ಯಾರಿಯವರು ಮೊಮ್ಮಗಳ ಪಕ್ಕದಲ್ಲಿ ತಾವೂ ನಡೆದರು. ಚಪ್ಪಾಳೆ ಬಿತ್ತು. ಅದರಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ನನ್ನದೂ ಒಂದು ಪಾಲಿತ್ತು. ಬಾಡಿಗೆದಾರನ ಚಪ್ಪಾಳೆ ಯಾವಾಗಲೂ ತುಸು ಜೋರು. ಹಫೀಝಾ ಮಾತ್ರ, "ಉಮ್ಮಾ, ಡಾಕ್ಟರಿಗೊಮ್ಮೆ ತೋರಿಸುವುದಾ?" ಎಂದಳು.

"ಕಾಲು ನೋಯುವ ಮಗು ನಗುತ್ತದಾ? ಸುಮ್ಮನಿರು" ಎಂದರು ರುಕಿಯಮ್ಮ.

ಆ ರಾತ್ರಿ ನನಗೆ ನಿದ್ದೆ ಬಂತು, ಅದರಲ್ಲೇನೂ ಕೊರತೆಯಿಲ್ಲ. ಆದರೆ ನಿದ್ದೆಗೆ ಮುಂಚೆ ಒಂದು ಸಂಗತಿ ತಲೆಯಲ್ಲಿ ಗುಂಯ್‌ಗುಟ್ಟಿತು. ಮಲ್ಲಿಗೆಯನ್ನು ನಂಬದ, ನನ್ನ ಚಪ್ಪಲಿಯನ್ನು ನಂಬದ, ಗೋಡೆಯನ್ನೂ ನಂಬದ ಈ ಮಹಾತಾಯಿ, ಇದೊಂದನ್ನು ಹೇಗೆ ಒಂದೇ ನೋಟಕ್ಕೆ ನಂಬಿಬಿಟ್ಟರು? ಮರುಪ್ರಶ್ನೆ ಎಲ್ಲಿ ಹೋಯಿತು?

ಮರುದಿನ ನನಗೆ ವಾರದ ರಜೆ. ನೀರಿನ ಪಂಪಿನ ವಿಷಯ ಹೇಳಲೆಂದು ಕೆಳಗಿಳಿದರೆ ಉಸ್ಮಾನ್ ಬ್ಯಾರಿಯವರು ಕಾಣಲಿಲ್ಲ. ಅವರನ್ನು ಬೆಳಿಗ್ಗೆಯೇ ತಂಗಿಯ ಮನೆಗೆ ಸಾಗಹಾಕಲಾಗಿತ್ತು. ಅಡುಗೆಮನೆಯ ಬಾಗಿಲ ಹಿಂದಿನಿಂದ ಒಂದು ಕೈ ಚಾಚಿ ನನ್ನ ಅಂಗಿಯನ್ನು ಹಿಡಿದೆಳೆಯಿತು. ರುಕಿಯಮ್ಮ. ಇನ್ನೊಂದು ಕೈ ಬೀಗದಕೈಗಳ ಬಾಯಿ ಮುಚ್ಚಿತ್ತು. "ಮಾತಾಡಬೇಡ. ನೋಡು" ಎಂದು ಪಿಸುಗುಟ್ಟಿದರು.

ಬಾಗಿಲ ಸಂದಿನಲ್ಲಿ ಚಾವಡಿ ಕಾಣುತ್ತಿತ್ತು. ಹಿಬಾ ಒಬ್ಬಳೇ ಇದ್ದಳು. ಅನುಕರಿಸಲು ಅಜ್ಜನಿಲ್ಲ, ಮೆಚ್ಚಲು ಫೋನಿನೊಳಗೆ ಅಪ್ಪನಿಲ್ಲ. ಅವಳ ಕೆಂಪು ಚೆಂಡು ಉರುಳಿ ಗೋಡೆಯ ಬದಿ ಸೇರಿತು. ಕುರ್ಚಿ ಹಿಡಿದು ಎದ್ದಳು. ಎಡಗಾಲಿನ ಬೆರಳ ತುದಿಯನ್ನು, ಬಿಸಿಲಿಗೆ ಕಾದ ಅಂಗಳವನ್ನು ಮುಟ್ಟುವಂತೆ, ನೆಲಕ್ಕೆ ತಾಗಿಸಿ ಥಟ್ಟನೆ ಎತ್ತಿಕೊಂಡಳು. ಚೆಂಡನ್ನು ನೋಡಿದಳು. ಮತ್ತೆ ಕೂತು, ಅಂಬೆಗಾಲಿಕ್ಕಿ, ಎಡಗಾಲನ್ನು ಹಿಂದೆ ಎಳೆದುಕೊಂಡು ಹೋದಳು. ಅಂಬೆಗಾಲನ್ನು ಎಂದೋ ಬಿಟ್ಟು ಓಡತೊಡಗಿದ್ದ ಮಗು.

"ಯಾರಿಗೆ ತೋರಿಸಲಿಕ್ಕೆ ಇದು?" ಎಂದರು ರುಕಿಯಮ್ಮ. ಆಮೇಲೆ, "ಅಜ್ಜನದ್ದು ಬಲಗಾಲು. ಇವಳದ್ದು ಎಡ."

"ಎದುರಿನಿಂದ ನೋಡಿ ಕಲಿತರೆ ಎಡ ಬಲ ಅದಲುಬದಲಾಗಬಹುದಲ್ವಾ," ಎಂದೆ ನಾನು, ದೂರು ವಿಭಾಗದವನು. "ಇನ್ನೆರಡು ದಿನ ನೋಡಿ, ಸರಿಯಾಗಬಹುದು."

ಅವರು ಮಗುವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಹಣೆ ಮುಟ್ಟಿದರು, ಮೊಣಕಾಲು ಮುಟ್ಟಿದರು. ಬಿಸಿಯಿಲ್ಲ. ಕಣಕಾಲಿನಿಂದ ತುಸು ಮೇಲೆ ಮುಟ್ಟಿದಾಗ ಹಿಬಾ ಕಾಲನ್ನು ಎಳೆದುಕೊಂಡಳು. ರುಕಿಯಮ್ಮ ಕೈ ಹಿಂತೆಗೆದು, "ಡಾಕ್ಟರು ಮೊದಲು ಎಂತ ಕೇಳುತ್ತಾರೆ?" ಎಂದರು.

"ಹೇಗಾಯಿತು ಅಂತ."

"ಆಮೇಲೆ?"

"ಮಗು ಯಾರ ಹತ್ತಿರ ಇತ್ತು ಅಂತ."

ಆಗ ಹೇಳಿದರು. ಹಿಂದಿನ ದಿನ ಮಧ್ಯಾಹ್ನ ಅವರು ಗೇಟಿನಲ್ಲಿ ಕುಶಲಾಳ ಹೂವನ್ನು ಕೆನ್ನೆಗೊತ್ತಿ ವಾದಿಸುತ್ತಿದ್ದಾಗ ಒಳಗೆ ಮಗು ಒಂದು ಸಲ ಕೂಗಿತ್ತು. ಬಂದು ನೋಡಿದರೆ ನೆಲದ ಮೇಲೆ ಕೂತಿತ್ತು. ಬಿಸ್ಕತ್ತು ಕೊಟ್ಟರು, ಸುಮ್ಮನಾಯಿತು.

"ಹಫೀಝಾಗೆ ಹೇಳಿದ್ದೀರಾ?"

"ಎಂತ ಹೇಳುವುದು? ನೆಲ ತಾನೇ ಬಂದು ಹೊಡೆಯಿತು ಅಂತಲಾ?" ಅವರು ನನ್ನ ಮುಖ ನೋಡಲಿಲ್ಲ. "ಜ್ವರ ಬಂದಿದ್ದರೆ ನಿನ್ನೆಯೇ ಹೆದರಿ ಓಡುತ್ತಿದ್ದೆ. ಅಜ್ಜನ ನಡಿಗೆ ಅಂತ ಬಾಯಿಗೆ ಬಂತು. ಎಲ್ಲರೂ ನಕ್ಕರು. ನನಗೂ ಸಮಾಧಾನ ಆಯಿತು. ಬೆಳಿಗ್ಗೆ ಎದ್ದ ಮೇಲೆ ಆ ಸಮಾಧಾನದ ಮೇಲೆಯೇ ಡೌಟು ಬಂತು. ನನಗೆ ಅಷ್ಟು ಬೇಗ ಸಮಾಧಾನ ಆಗುವುದು ಉಂಟಾ?"

"ಇನ್ನೆರಡು ದಿನ..." ಎಂದು ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು.

"ಅದು ನಿನ್ನ ಅಂಗಡಿಯ ಮಾತು. ಆಟೋ ಕರೆ."

ಮಣಿಪಾಲದ ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದ್ದು ರೇಚಲ್ ಎಂಬ ತರುಣ ವೈದ್ಯೆ. ಫೋನ್ ಮಾಡಿದ್ದರಿಂದ ಹಫೀಝಾ ಶಿರ್ವದಿಂದ ನೇರ ಬಂದು, ಸೀರೆಗೆ ಸೀಮೆಸುಣ್ಣದ ಹುಡಿ ಅಂಟಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಜ್ವರ, ಶೀತ, ಬಿದ್ದದ್ದು, ಎಲ್ಲ ಕೇಳಿಯಾಯಿತು. ಆಮೇಲೆ ವೈದ್ಯೆ ಮಗುವಿನ ಸೊಂಟದಿಂದ ಪಾದದವರೆಗೆ ಮೆಲ್ಲನೆ ಒತ್ತಿ ನೋಡುತ್ತ, ಹವೆಯ ಬಗ್ಗೆ ಮಾತಾಡುವಷ್ಟೇ ಸಹಜವಾಗಿ, "ಆ ಹೊತ್ತಿಗೆ ಮನೆಯಲ್ಲಿ ಯಾರಿದ್ದರು ಅಮ್ಮಾ?" ಎಂದರು.

ರುಕಿಯಮ್ಮ ತಲೆಯೆತ್ತಿದರು. ಆ ವಿದ್ಯೆ ಅವರಿಗೆ ಗೊತ್ತಿಲ್ಲದ್ದೇ? ಒಮ್ಮೆ ಸೊಸೆಯ ಕಡೆ ನೋಡಿದರು.

"ನಾನಿದ್ದೆ. ನಾನೊಬ್ಬಳೇ. ಕೂಗಿದ್ದು ಕೇಳಿತು, ಬಿದ್ದದ್ದು ನೋಡಲಿಲ್ಲ. ಯಾರಿಗೂ ಹೇಳಲಿಲ್ಲ." ಆಮೇಲೆ, "ಇದನ್ನು ಎಲ್ಲರಿಗೂ ಕೇಳುತ್ತೀರಾ, ನನಗೆ ಮಾತ್ರವಾ?" ಎಂದರು.

"ಎಲ್ಲರಿಗೂ. ಕೇಳಲೇಬೇಕು."

"ಹೌದು, ಕೇಳಬೇಕು" ಎಂದರು ರುಕಿಯಮ್ಮ, ತಮ್ಮ ಕಸುಬಿನವರೊಬ್ಬರು ಸಿಕ್ಕಿದ ಗೌರವದಿಂದ.

ಎಕ್ಸ್‌ರೇಯಲ್ಲಿ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಒಂದು ಗೆರೆ ಕಂಡಿತು, ಕೂದಲೆಳೆಯಷ್ಟು. ಓಡುವಾಗ ಪಾದ ಸಿಕ್ಕಿಕೊಂಡು ಕಾಲು ತಿರುಚಿದರೆ ಈ ವಯಸ್ಸಿನಲ್ಲಿ ಅಷ್ಟೇ ಸಾಕು, ಎದುರಿಗೇ ಕೂತಿದ್ದರೂ ನಿಮಗೆ ತಿಳಿಯದೆ ಹೋಗಬಹುದಿತ್ತು, ಪಟ್ಟಿ ಹಾಕಿದರೆ ಕೂಡಿಕೊಳ್ಳುತ್ತದೆ ಎಂದರು ವೈದ್ಯೆ. "ಆದರೆ ಕಾಲು ಊರದ ಮಗುವನ್ನು ಮನೆಯಲ್ಲಿಟ್ಟು ಕಾಯಬಾರದು, ಅದೇ ದಿನ ತರಬೇಕು. ಜೊತೆಗೆ ಜ್ವರವೂ ಇದ್ದರೆ ಆ ಗಳಿಗೆಯಲ್ಲೇ ಹೊರಡಬೇಕು."

ಇಷ್ಟರಲ್ಲಿ ಹಫೀಝಾ ಅತ್ತೆಯನ್ನು ಕೇಳಿದ್ದು ಒಂದೇ ಮಾತು: "ಬೆಳಿಗ್ಗೆಯಿಂದ ಎಂತಾದರೂ ತಿಂದಿದ್ದೀರಾ?"

ಔಷಧದ ಅಂಗಡಿಯ ಮುಂದೆ ರುಕಿಯಮ್ಮ ನನ್ನ ತೋಳು ಹಿಡಿದರು. "ಅವಳು ಯಾಕೆ ಎಂತದೂ ಕೇಳಲಿಲ್ಲ?"

"ನೀವೇ ಹೇಳಿದಿರಲ್ಲ, ಇನ್ನು ಕೇಳಲಿಕ್ಕೆ ಎಂತ ಉಂಟು?"

"ಹಾಗಲ್ಲ. ಒಳಗೆ ಇಟ್ಟುಕೊಂಡಿದ್ದಾಳಾ ಅಂತ."

ಅವರು ತಿರುಗಿ ಸೊಸೆಯ ಬಳಿ ಹೋದರು. "ನಿನಗೆ ನನ್ನ ಮೇಲೆ ಸಿಟ್ಟು ಉಂಟಾ?"

ಹಫೀಝಾ ಪಟ್ಟಿ ಹಾಕಿದ ಕಾಲನ್ನು ಅಂಗೈಯಲ್ಲಿ ಆಧರಿಸಿ ಹಿಡಿದಿದ್ದಳು. "ಉಂಟು ಉಮ್ಮಾ. ಮನೆಗೆ ಹೋಗಿ ಹೇಳುತ್ತೇನೆ. ಮೊದಲು ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನಿ."

ರುಕಿಯಮ್ಮನ ಮುಖದ ಬಿಗಿ ಆಗ ಸಡಿಲಾಯಿತು. ಹಸಿದವರ ಹಾಗೆ ತಿಂದರು.

ಇಂಥವರಿಗೆ ನಾವು ಸಂಶಯಪಿಶಾಚಿಗಳೆಂದು ಹೆಸರಿಟ್ಟು, ಅವರ ಬೆನ್ನ ಹಿಂದೆ ನಗುತ್ತ, ನಮ್ಮ ನಂಬುಗೆಯ ಸ್ವಭಾವವನ್ನು ಒಂದು ಸದ್ಗುಣವೆಂದು ಎಣಿಸಿಕೊಳ್ಳುತ್ತೇವೆ. ನನ್ನಂಥವರ ನಂಬುಗೆಯಲ್ಲಿ ಮುಕ್ಕಾಲು ಪಾಲು ಸೋಮಾರಿತನ. ಎದ್ದು ಹೋಗಿ ನೋಡುವ ಶ್ರಮ ತಪ್ಪಲೆಂದೇ ನಾವು ಒಳ್ಳೆಯದನ್ನು ಊಹಿಸುತ್ತೇವೆ. ಶಂಕಿಸುವವರು ಕಿರಿಕಿರಿ, ನಿಜ. ಅವರೊಂದಿಗೆ ಒಂದೇ ಸೂರಿನಡಿ ಬಾಳುವುದು ಸುಲಭವಲ್ಲವೆಂಬುದಕ್ಕೆ ಹಫೀಝಾಳೇ ಸಾಕ್ಷಿ. ಅವರಲ್ಲೂ ಬಹುಪಾಲು ಮಂದಿ ಲೋಕವನ್ನೆಲ್ಲ ಕಟಕಟೆಗೆ ಹತ್ತಿಸಿ, ತಾವು ಮಾತ್ರ ನ್ಯಾಯಾಧೀಶರ ಕುರ್ಚಿಯಿಂದ ಕೆಳಗಿಳಿಯದೆ ಆಯುಷ್ಯ ಮುಗಿಸುತ್ತಾರೆ. ಆದರೆ ಎಲ್ಲೋ ಒಬ್ಬರು, ತಮಗೆ ಒದಗಿದ ನೆಮ್ಮದಿಯನ್ನೂ ಅನುಮಾನದಿಂದ ಮುಟ್ಟಿ ನೋಡಿ, ತಮ್ಮ ಹೆಸರನ್ನು ತಾವೇ ಕೂಗಿ ಆ ಕಟಕಟೆಗೆ ತಾವೂ ಹತ್ತಿ ನಿಲ್ಲುತ್ತಾರೆ. ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಬೇಕಾದ ತಾಯಂದಿರು ಎಲ್ಲರನ್ನೂ ನಂಬುವ ಒಳ್ಳೆಯವರನ್ನು ಹುಡುಕುವುದಕ್ಕಿಂತ, ಇಂಥವರೊಬ್ಬರ ಸಿಡುಕನ್ನು ಸಹಿಸಿಕೊಂಡಿರುವುದೇ ಲೇಸು.