ತಾನಾಗಿ ತಿರುಗಿದ ಕಂಬಿ

ಬೆವರು ಒರೆಸಿಕೊಳ್ಳಲು ಕೋನಪ್ಪ ಜಾಕಿಯ ಕಂಬಿಯಿಂದ ಕೈ ತೆಗೆದ. ಕಂಬಿ ತಾನಾಗಿಯೇ ಒಂದು ಬೆರಳಷ್ಟು ಹಿಂದಕ್ಕೆ ತಿರುಗಿತು.

ಕಣ್ಣಿನ ಭ್ರಮೆ ಅಂದುಕೊಂಡ. ಹಳೆಯ ಮನೆಗಳ ತೊಲೆ ಎತ್ತಿ ಕಂಬ ಬದಲಿಸುವ ಕೆಲಸದಲ್ಲಿ ಅವನಿಗೆ ಇಪ್ಪತ್ತು ವರ್ಷ. ಕಂಬಿ ತಿರುಗಿಸಿದರೆ ಸ್ಕ್ರೂ ಏರುತ್ತದೆ, ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಜಾಕಿಯ ಮೇಲೆ ಭಾರ ಬಿಟ್ಟು ಊಟ ಮಾಡಿ ಬಂದದ್ದೂ ಉಂಟು. ಕಂಬಿ ಮತ್ತೆ ಅಲುಗಿತು. ಎರಡೂ ಕೈಯಲ್ಲಿ ಗಬಕ್ಕನೆ ಹಿಡಿದುಕೊಂಡ.

ಅದು ಜಂಗಮಕೋಟೆಯ ಆವುಲಪ್ಪನವರ ರೇಷ್ಮೆಹುಳುವಿನ ಮನೆ. ಮೇಲೆ ಕಲ್ಲುಚಪ್ಪಡಿಯ ಸೂರು, ಅದನ್ನು ಹೊತ್ತ ತೊಲೆ. ಸೀಳಿದ ಹಳೆಯ ಕಂಬವನ್ನು ಆಗಲೇ ತೆಗೆದಿದ್ದರಿಂದ ತೊಲೆಗೆ ಜಾಕಿ ಬಿಟ್ಟರೆ ಬೇರೆ ಆಸರೆಯಿರಲಿಲ್ಲ. ಅದರ ಕೆಳಗೆ ಅವನ ಹೆಂಡತಿ ಗಂಗುಲಮ್ಮ ಕುಕ್ಕರಗಾಲಲ್ಲಿ ಕೂತು, ಕಂಬದ ಗುಂಡಿಯೊಳಗೆ ಕೈಯಿಳಿಸಿ ಮಣ್ಣು ತೋಡುತ್ತಿದ್ದಳು. ಮನೆಯವರೆಲ್ಲ ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋಗಿದ್ದರು.

ತಪ್ಪು ತನ್ನದೇ ಎಂದು ಕೋನಪ್ಪನಿಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಹೋದ ವಾರ ಚಿಂತಾಮಣಿಯ ಲೇತ್ ಅಂಗಡಿಯಲ್ಲಿ ಹೊಸ ಸ್ಕ್ರೂ ಮಾಡಿಸುವಾಗ, ಸುತ್ತು ಸುತ್ತಿನ ನಡುವೆ ಅಗಲವಿರಲಿ, ನಾಲ್ಕು ಸಲ ತಿರುಗಿಸುವ ಕಡೆ ಒಂದೇ ಸಲಕ್ಕೆ ಏರಬೇಕು ಎಂದು ಹಟ ಹಿಡಿದಿದ್ದ. ಹಂಗೆ ಮಾಡಿದರೆ ಭಾರ ನಿಲ್ಲುತ್ತೋ ಇಲ್ಲವೋ ಎಂದು ಲೇತಿನ ಜಗನ್ ಅನುಮಾನಿಸಿದರೆ, ನೀನು ಚಡ್ಡಿ ಹಾಕೋಕೆ ಮುಂಚಿಂದ ಜಾಕಿ ಹಿಡಿದಿದೀನಿ ಎಂದು ಬಾಯಿ ಮುಚ್ಚಿಸಿದ್ದ. ಅಂಬಾಜಿದುರ್ಗದ ಬೆಟ್ಟ ಹತ್ತಿದವನಿಗೆ ಇಷ್ಟು ತಿಳಿಯಬಾರದೆ? ಬಳಸು ದಾರಿಯಲ್ಲಿ ಕಾಲು ನಿಲ್ಲುತ್ತದೆ, ನೇರ ಇಳಿಜಾರಿನಲ್ಲಿ ಜಾರುತ್ತದೆ. ಸುತ್ತುಗಳ ನಡುವೆ ಅಗಲ ಹೆಚ್ಚಿದಷ್ಟೂ ಸ್ಕ್ರೂ ಕೂಡ ಕಡಿದಾದ ಇಳಿಜಾರೇ. ಕೆಟ್ಟ ಮೇಲೆ ಬುದ್ಧಿ ಬಂತು.

ತೊಲೆಯ ಕೆಳಗಿರುವವರನ್ನು ಹೆಸರು ಹಿಡಿದು ಕರೆಯಬಾರದೆಂಬುದು ಅವರ ಕಸುಬಿನ ಕಟ್ಟುಪಾಡು. ಕರೆಯುವುದು ತೊಲೆ ಬೀಳುವಾಗ ಮಾತ್ರ. ಕೋನಪ್ಪ ಒಮ್ಮೆ ಹಾಗೆ ತನ್ನ ಅಣ್ಣನನ್ನು ಕೂಗಿದ್ದ. ಅಷ್ಟರಲ್ಲಿ ತಡವಾಗಿತ್ತು.

ಬೆವರಿದ ಅಂಗೈಯಲ್ಲಿ ಕಂಬಿ ಜಾರಿತು. ಚಪ್ಪಡಿಯ ಸಂದಿಯಿಂದ ಮಣ್ಣು ಉದುರಿ ಅವಳ ಬೆನ್ನ ಮೇಲೆ ಬಿತ್ತು.

"ಗಂಗುಲಮ್ಮಾ," ಎಂದ ಮೆಲ್ಲಗೆ.

ಅವಳ ಕೈ ನಿಂತಿತು. ತಿರುಗಿ ನೋಡದೆಯೇ ಕೇಳಿದಳು: "ಎಷ್ಟು ಇಳೀತು?"

"ಅರ್ಧ ಬೆರಳು. ಗೋಡೆ ಪಕ್ಕದಾಗೆ ಹೊರಕ್ಕೆ ಹೋಗು."

"ನೀನು?"

ಅವನು ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಕಂಬಿ ಬಿಟ್ಟು ಓಡಿದರೂ ಅವನು ಬಾಗಿಲು ಮುಟ್ಟುವ ಮೊದಲೇ ಚಪ್ಪಡಿ ನೆಲ ಮುಟ್ಟುತ್ತಿತ್ತು.

ಅವಳು ಬಾಗಿಲ ಕಡೆ ಹೋಗಲಿಲ್ಲ. ಗೋಡೆಗೆ ಒರಗಿಸಿದ್ದ ದಪ್ಪ ನೀಲಗಿರಿ ಮರವನ್ನು ಎಳೆದು ತಂದು, ತೊಲೆಯ ಕೆಳಗೆ ನೆಟ್ಟಗೆ ನಿಲ್ಲಿಸಿದಳು. ಬುಡಕ್ಕೆ ಹಲಗೆ ಕೊಟ್ಟು ಬೆಣೆ ಹೊಡೆದಳು. ಒಂದೊಂದು ಏಟಿಗೂ ಕಂಬಿ ಕೈಯೊಳಗೆ ನಡುಗಿತು.

"ಈಗ ಬಿಡು," ಎಂದಳು.

ಅವನಿಂದಾಗಲಿಲ್ಲ. ಅವಳೇ ಹತ್ತಿರ ಬಂದು ಒಂದೊಂದೇ ಬೆರಳು ಬಿಡಿಸಿದಳು. ಕಂಬಿ ತಾನೇ ತಾನಾಗಿ ಅರ್ಧ ಸುತ್ತು ತಿರುಗಿತು. ತೊಲೆ ನೀಲಗಿರಿ ಮರದ ಮೇಲೆ ಕೂತು ಒಮ್ಮೆ ನರಳಿ ಸುಮ್ಮನಾಯಿತು.

ಹೊರಗೆ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಪಕ್ಕ ಇಬ್ಬರೂ ಕುಸಿದು ಕೂತರು. ಅವಳು ನೀರಿನ ಚೊಂಬು ಚಾಚಿದಳು. ಅವನ ಬೆರಳುಗಳು ಕಂಬಿಯಷ್ಟೇ ಗುಂಡಗೆ ಮಡಚಿಕೊಂಡು ನಿಂತಿದ್ದವು, ಬಿಚ್ಚಲಾಗಲಿಲ್ಲ. ಅವಳು ಚೊಂಬನ್ನು ಅವನ ಬಾಯಿಗೆ ಹಿಡಿದಳು.