ಗಾಜು ಒಡೆದಿಲ್ಲವಲ್ಲ

"ಕಣ್ಣೇನು ತಿಕದಲ್ಲಿ ಇಟ್ಕೊಂಡಿದ್ಯೇನೋ, ಬೋಳಿಮಗನೆ!"

ಬೈಗುಳ ಮೇಲಿನಿಂದ ಬಂತು. ಗಾಜಣ್ಣ ರಸ್ತೆಯ ಮೇಲೆ ಬಿದ್ದಿದ್ದ. ಅವನ ಮೇಲೆ ಸೈಕಲ್ಲು, ಸೈಕಲ್ಲಿನ ಮೇಲೆ ಮರದ ಚೌಕಟ್ಟಿಗೆ ಬಿಗಿದ ಎದೆಯೆತ್ತರದ ಗಾಜು. ಎಡಗೈ ಮೈಯಡಿ ಸಿಕ್ಕಿಕೊಂಡಿತ್ತು. ಮಣಿಕಟ್ಟಿನ ಹತ್ತಿರ ಏನೋ ಲಟಕ್ಕೆಂದದ್ದು ಅವನಿಗೇ ಕೇಳಿಸಿತ್ತು. ಆದರೂ ಅವನ ಬಾಯಿಂದ ಮೊದಲು ಹೊರಟ ಮಾತು, "ತಪ್ಪಾಯ್ತು ಸ್ವಾಮಿ."

ಯೋಚಿಸಿ ಆಡಿದ ಮಾತಲ್ಲ ಅದು. ಕಾರಿನ ಬಾಗಿಲು ತೆಗೆದ ಸದ್ದು ಕೇಳಿದರೆ ಸಾಕು, ತಾನಾಗಿಯೇ ಬಂದುಬಿಡುತ್ತಿತ್ತು. ಅವನಪ್ಪನಿಗೂ ಹಾಗೇ ಇತ್ತು. ಬೇರೆಯವರಿಗೆ ಸೀನು ಬರುವ ಹಾಗೆ ಅವರ ಮನೆಯವರಿಗೆ 'ತಪ್ಪಾಯ್ತು' ಬರುತ್ತಿತ್ತು.

ನಿಜಕ್ಕೂ ಆದದ್ದು ಇಷ್ಟೇ. ಗಾಜಿನಂಗಡಿಯಿಂದ ಕಿಟಕಿಯ ಗಾಜನ್ನು ಸೈಕಲ್ಲಿನ ಬಲಪಕ್ಕಕ್ಕೆ ಕಟ್ಟಿಕೊಂಡು ಅವನು ರಸ್ತೆಯಂಚಿನಲ್ಲೇ ಮೆಲ್ಲಗೆ ತುಳಿದುಕೊಂಡು ಬರುತ್ತಿದ್ದ. ಎಡಕ್ಕೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಅದರ ಗೋಡೆಗೆ ಮೂತಿ ಹಚ್ಚಿ ನಿಂತಿದ್ದ ಬಿಳಿ ಕಾರು, ಹಾರ್ನೂ ಇಲ್ಲ ಏನೂ ಇಲ್ಲ, ಗಬಕ್ಕನೆ ಹಿಂದಕ್ಕೆ ಬಂತು. ಓಡಿಸುತ್ತಿದ್ದವನ ಕಿವಿಗೆ ಫೋನು ಅಂಟಿಕೊಂಡಿತ್ತು. ಕಾರು ಮುಂದಿನ ಚಕ್ರಕ್ಕೆ ಗುದ್ದಿದ ರಭಸಕ್ಕೆ ಸೈಕಲ್ಲು ಬಲಕ್ಕೆ ವಾಲಿತು. ಬಲಕ್ಕೆ ಬಿದ್ದರೆ ಗಾಜು ಪುಡಿಪುಡಿ. ಗಾಜಣ್ಣ ಮೈಯನ್ನೆಲ್ಲ ತಿರುಚಿ, ಸೈಕಲ್ಲನ್ನು ತನ್ನ ಮೇಲೆಳೆದುಕೊಂಡು, ಎಡಕ್ಕೆ, ಕಾರಿನ ಕಡೆಗೇ ಬಿದ್ದ.

ಗಾಜು ಹೊರುವವರೆಲ್ಲ ಬೀಳುವುದು ಹೀಗೆಯೇ. ಕೆಲಸ ಕಲಿಸಿದ ಹಳಬ ಮೊದಲ ದಿನವೇ ಹೇಳಿಕೊಟ್ಟಿದ್ದ: "ಬೀಳೋದಾದ್ರೆ ನೀನು ಅಡಿಗೆ ಬೀಳು, ಗಾಜು ಮೇಲಿರ್ಲಿ. ಮೈ ಹೆಂಗೋ ಕೂಡ್ಕೊಳುತ್ತೆ, ಗಾಜು ಕೂಡಲ್ಲ." ಈ ವಿದ್ಯೆಯಲ್ಲಿ ಅವನು ಎಷ್ಟು ಪಳಗಿದ್ದನೆಂದರೆ, ಹುಟ್ಟಿದಾಗ ಇಟ್ಟ ಹೆಸರು ಎಲ್ಲರಿಗೂ ಮರೆತು ಗಾಜಣ್ಣ ಎಂಬುದೇ ಉಳಿದಿತ್ತು.

ಜನ ಸೇರಿದರು. ಇಬ್ಬರು ಮುಂದೆ ಬಂದು ಮೊದಲು ಗಾಜನ್ನು ಬಿಚ್ಚಿ, ಹುಷಾರಾಗಿ ಕಂಬಕ್ಕೆ ಒರಗಿಸಿದರು. ಆಮೇಲೆ ಸೈಕಲ್ಲು ಎತ್ತಿದರು. ಗಾಜಣ್ಣ ತಾನೇ ಎದ್ದ.

ಜನ ಸೇರುವ ಮೊದಲೇ ಕಾರಿನವನು ಕಾರನ್ನು ಮುಂದಕ್ಕೆ ತೆಗೆದು, ಮತ್ತೆ ಗೋಡೆಗೆ ಮೂತಿ ಹಚ್ಚಿ ನಿಲ್ಲಿಸಿ ಇಳಿದು ಬಂದಿದ್ದ. ಹಿಂದಿನ ಬಂಪರಿನ ಮೇಲೆ ಪೆಡಲು ಗೀರಿದ ಗೆರೆಯನ್ನು ಬೆರಳಿನಿಂದ ಸವರಿದ.

"ನೋಡಿ ಎಲ್ರೂ. ನನ್ನ ಕಾರು ನಿಂತಲ್ಲೇ ನಿಂತಿದೆ. ಇವನೇ ಬಂದು ಬಿದ್ದಿದ್ದು."

"ಇಲ್ಲ ಸ್ವಾಮಿ, ಕಾರು ಹಿಂದಕ್ಕೆ..."

"ಬಾಯ್ಮುಚ್ಚು! ನಾನು ಗುದ್ದಿದ್ರೆ ನೀನು ಆ ಕಡೆ ಬೀಳ್ಬೇಕಿತ್ತು. ನನ್ನ ಕಾರಿನ ಕಡೆಗೇ ಹೆಂಗೆ ಬಿದ್ದೆ? ಗುದ್ದಿಸ್ಕೊಂಡವನು ಗುದ್ದಿದವನ ಮೇಲೇ ಬೀಳ್ತಾನೇನ್ರೀ ಎಲ್ಲಾದ್ರೂ? ಮತ್ತೆ ಆ ಗಾಜು! ಅಷ್ಟು ಜೋರಾಗಿ ಗುದ್ದಿದ್ರೆ ಅದು ಉಳೀತಿತ್ತಾ?"

ಜನ ಕಾರು ನೋಡಿದರು, ಗಾಜು ನೋಡಿದರು. "ಹೌದಲ್ವಾ," ಎಂದ ಒಬ್ಬ. "ಗಾಜು ಒಡ್ದೇ ಇಲ್ಲ." ಇನ್ನೊಬ್ಬ, ಕಾಸು ಕೀಳಲು ಬೇಕೆಂದೇ ಬೀಳುವವರೂ ಇರುತ್ತಾರೆ ಎಂದು ಪಕ್ಕದವನಿಗೆ ಹೇಳಿದ. ಗಾಜಣ್ಣನಿಗೆ ಕಿವಿಯವರೆಗೂ ಬಿಸಿಯೇರಿತು. ಹಳಬ ಕಲಿಸಿದ ಪಾಠವನ್ನು ಈ ಜನಕ್ಕೆ ಹೇಳುವುದು ಹೇಗೆ? ಗಾಜು ಉಳಿಸಲು ಮೈ ಕೊಟ್ಟೆ ಎಂದರೆ ಯಾರು ನಂಬುತ್ತಾರೆ? ಹೇಳಿಕೊಳ್ಳುವುದಕ್ಕೇ ನಾಚಿಕೆಯಾಯಿತು.

"ನಾನು ನೋಡ್ದೆ!"

ಕ್ಲಿನಿಕ್ಕಿನ ಮೆಟ್ಟಿಲಿನಿಂದ ಹೆಂಗಸಿನ ದನಿ. ಗಾಜಣ್ಣನ ಹೆಂಡತಿ. ಆ ಕ್ಲಿನಿಕ್ಕಿನಲ್ಲಿ ಕಸ ಗುಡಿಸಿ ನೆಲ ಒರೆಸುವವಳು. ಒದ್ದೆ ಒರೆಸುಬಟ್ಟೆ ಕೈಯಲ್ಲಿ ಹಿಡಿದೇ ಇಳಿದು ಬಂದಳು. "ಮೆಟ್ಲು ಒರೆಸ್ತಿದ್ದೆ, ಕಣ್ಣಾರೆ ನೋಡ್ದೆ. ಫೋನಲ್ಲಿ ಹಲ್ಲು ಕಿಸೀತಾ ಹಿಂದೆ ನೋಡ್ದೇನೇ ಬಿಟ್ರಿ ನೀವು. ಅವನ ಕೈ ನೋಡಿ, ಹೆಂಗೆ ಊದ್ಕೊಂಡೈತೆ!"

"ನೀನ್ಯಾರು?" ಎಂದ ಕಾರಿನವನು.

"ಅವನ ಹೆಂಡ್ತಿ."

"ಸರಿಹೋಯ್ತು," ಎಂದ ಕಾರಿನವನು ಜನದ ಕಡೆ ತಿರುಗಿ. ಕೆಲವರು ನಕ್ಕರು.

ಅದೇ ಹೊತ್ತಿಗೆ ಗಾಜಿನಂಗಡಿಯ ಸಾವ್ಕಾರ ಸ್ಕೂಟರಿನಲ್ಲಿ ಬಂದಿಳಿದ. ಯಾರೋ ಫೋನು ಮಾಡಿದ್ದರು. ನೆಟ್ಟಗೆ ಕಂಬದ ಹತ್ತಿರ ಹೋಗಿ ಗಾಜಿನ ಅಂಚಿನುದ್ದಕ್ಕೂ ಬೆರಳಾಡಿಸಿದ. "ಸದ್ಯ, ಏನೂ ಆಗಿಲ್ಲ," ಎಂದು ಉಸಿರು ಬಿಟ್ಟ. ಆಮೇಲೆ ಕಾರಿನವನ ಮುಖ ನೋಡಿದವನೇ ಮೈಯೆಲ್ಲ ಬೆಣ್ಣೆಯಾದ. ಕಾರಿನವನು ಕಟ್ಟಿಸುತ್ತಿದ್ದ ಹೊಸ ಕಟ್ಟಡದ ಕಿಟಕಿಗಳಿಗೆಲ್ಲ ಗಾಜು ಹೋಗಬೇಕಾದದ್ದು ಈ ಸಾವ್ಕಾರನ ಅಂಗಡಿಯಿಂದಲೇ.

"ಅಯ್ಯೋ, ನೀವಾ ಸಾರ್! ನಮ್ಮ ಹುಡುಗ ಸಾರ್ ಇವನು. ಸ್ವಲ್ಪ ಮಂಕು."

ಹುಡುಗನಿಗೆ ತಲೆ ಅರ್ಧ ನೆರೆತಿತ್ತು.

"ನನಗೇನೂ ಬೇಡ," ಎಂದ ಕಾರಿನವನು, ದೊಡ್ಡ ಮನಸ್ಸು ಮಾಡಿದವನಂತೆ. "ನಾಳೆ ಇವನು ಕೈ ನೋವು ಕಾಲು ನೋವು ಅಂತ ಕೇಸು ಹಾಕ್ಬಾರ್ದು. ಇನ್ಶೂರೆನ್ಸಿನವರೂ ಕೇಳ್ತಾರೆ. ತಪ್ಪು ತನ್ನದೇ ಅಂತ ಫೋನಿನ ಮುಂದೆ ಹೇಳ್ಲಿ, ಸಾಕು."

ಸಾವ್ಕಾರ ಗಾಜಣ್ಣನ ಭುಜ ಹಿಡಿದು ಪಕ್ಕಕ್ಕೆ ಎಳೆದ. "ಹೇಳ್ಬಿಡೋ. ಮಾತು ತಾನೆ, ಹೋಗೋದೇನಿದೆ ನಿನ್ನ ಗಂಟು? ಇಲ್ಲ ಅಂದ್ರೆ ನಾಳೆಯಿಂದ ಅಂಗಡಿ ಕಡೆ ತಲೆ ಹಾಕ್ಬೇಡ."

"ಹೇಳ್ಬೇಡ ಕಣಯ್ಯಾ," ಎಂದಳು ಹೆಂಡತಿ. "ಹೇಳಿದ್ರೆ ನಿನ್ನ ಕೈಗೆ ಕೇಳೋರು ಯಾರು?"

ಎಲ್ಲರೂ ಗಾಜಣ್ಣನನ್ನೇ ನೋಡುತ್ತಿದ್ದರು. ಕೈ ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕೈ ಹೋದರೆ ಕೆಲಸವಿಲ್ಲ, ಕೆಲಸ ಹೋದರೆ ಈ ಕೈ ಇದ್ದು ಏನು ಮಾಡುವುದು? ಅವನು ಹೆಂಡತಿಯ ಕಡೆ ತಿರುಗಿ, ಅವಳ ಮುಖ ನೋಡದೆ ಗದರಿದ: "ನೀನು ಸುಮ್ನಿರು! ಗಂಡಸರ ಮಧ್ಯೆ ನಿಂದೇನು? ಹೋಗು ಒಳಗೆ!"

ಅವಳು ಹೋಗಲಿಲ್ಲ. ಒರೆಸುಬಟ್ಟೆಯಿಂದ ತೊಟ್ಟಿಕ್ಕುತ್ತಿದ್ದ ನೀರು ಅವಳ ಕಾಲಿನ ಮೇಲೆ ಬೀಳುತ್ತಿತ್ತು. ಕಾರಿನವನ ಮುಂದೆ ಏಳದ ದನಿ ಇವಳ ಮುಂದೆ ಎಷ್ಟು ಸಲೀಸಾಗಿ ಎದ್ದಿತು! ಮಣಿಕಟ್ಟಿನ ನೋವು ಒಂದು ಕಡೆಯಾದರೆ ಇದೇ ಒಂದು ಕಡೆಯಾಯಿತು ಗಾಜಣ್ಣನಿಗೆ.

ಫೋನು ಅವನ ಮೂಗಿನ ಹತ್ತಿರ ಬಂತು.

"ನಂದೇ ತಪ್ಪು," ಎಂದ ಗಾಜಣ್ಣ.

ಕಾರಿನವನು ಫೋನನ್ನು ಕಿವಿಗಿಟ್ಟು ಕೇಳಿ ಹುಬ್ಬು ಗಂಟಿಕ್ಕಿದ. "ಬರೀ ಹಾರ್ನ್ ಸದ್ದೇ ಬಂದಿದೆ. ಇನ್ನೊಂದ್ಸಲ. ಜೋರಾಗಿ. 'ಕಾರು ನಿಂತಿತ್ತು, ನಾನೇ ನೋಡದೆ ಬಂದು ಬಿದ್ದೆ' ಅಂತ ಪೂರ್ತಿ ಹೇಳು. ಕೈ ಮುಗೀಬೇಡ, ಬಲವಂತ ಮಾಡಿದ ಹಾಗೆ ಕಾಣುತ್ತೆ."

ಮುಗಿಯಲು ಎಡಗೈ ಏಳುತ್ತಲೂ ಇರಲಿಲ್ಲ. ಗಾಜಣ್ಣ ಹೇಳಿದ. ಒಂದೊಂದೇ ಮಾತನ್ನು, ಪಾಠ ಒಪ್ಪಿಸುವವನ ಹಾಗೆ, ಜೋರಾಗಿ ಹೇಳಿದ. ಹೇಳುವಾಗ ಹೆಂಡತಿ ಮುಖ ತಿರುಗಿಸಿಕೊಂಡದ್ದು ಕಣ್ಣಂಚಿನಲ್ಲಿ ಕಂಡಿತು. ಮನೆಯಲ್ಲಿ ಅವಳ ಎದುರು ಕೂತು ತುತ್ತು ಬಾಯಿಗಿಡುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ.

"ಈಗ ಸರಿ," ಎಂದು ಕಾರಿನವನು ಫೋನು ಜೇಬಿಗಿಳಿಸಿ ಕಾರು ಹತ್ತಿದ. ಜನ ಚದುರತೊಡಗಿದರು.

"ನೋಡ್ದಾ, ಎಷ್ಟು ಸುಲಭದಲ್ಲಿ ಮುಗೀತು," ಎಂದ ಸಾವ್ಕಾರ. "ಹೊತ್ತಾಯ್ತು. ಗಾಜು ಕೊಟ್ಟು ಬಾ. ಆಮೇಲೆ ಬೇಕಾದ್ರೆ ಕೈ ತೋರಿಸ್ಕೊ."

"ಎಡಗೈ ಹಿಡಿತಿಲ್ಲ ಸಾವ್ಕಾರ್ರೆ."

"ಗಾಜು ಒಡೆದಿಲ್ಲವಲ್ಲೋ! ಅದೇ ಒಡೆದಿಲ್ಲ, ನಿನಗೇನು ದೊಡ್ಡ ಧಾಡಿ?"

ಗಾಜಣ್ಣ ಕಂಬದ ಹತ್ತಿರ ಹೋದ. ಗಾಜಿನಡಿಗೆ ಹಾಸಲೆಂದು ಸೈಕಲ್ಲಿನಲ್ಲಿ ಇಟ್ಟಿದ್ದ ಗೋಣಿತಾಟನ್ನು ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡ. ಗಾಜಿನ ಅಡಿಗೆ ಬಲಗೈ ಕೊಟ್ಟು, ಮೇಲಂಚನ್ನು ಭುಜಕ್ಕೆ ಆನಿಸಿ ಎತ್ತಿದ. ಸೈಕಲ್ಲಿನ ಕಡೆ ತಿರುಗಬೇಕಾದವನು ಕಾರಿನ ಹಿಂದಕ್ಕೆ ತಿರುಗಿದ. ಗೋಣಿತಾಟನ್ನು ರಸ್ತೆಯ ಮೇಲೆ ಉಗುಳಿ, ಕಾಲಿನಿಂದ ಹರವಿ, ಮಂಡಿಯೂರಿ ಗಾಜನ್ನು ಅದರ ಮೇಲೆ ಅಂಗಾತ ಮಲಗಿಸಿದ. ಕಾರಿನ ಹಿಂದಿನ ಎರಡು ಚಕ್ರಗಳಿಗೂ ಸರಿಯಾಗಿ ಅಡ್ಡ. ಕಾರಿನ ಮುಂದೆ ಗೋಡೆ, ಅಕ್ಕಪಕ್ಕದಲ್ಲಿ ಒತ್ತಿ ನಿಂತ ಸ್ಕೂಟರುಗಳು. ಗಾಜಿನ ಆಚೆ ಅಂಚಿಗೆ ಅಂಟಿಕೊಂಡು ತಾನೂ ಕೂತ, ಒಡೆದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು.

"ಏಯ್! ಏನೋ ಮಾಡ್ತಿದೀಯ? ಎತ್ತೋ ಅದನ್ನ!" ಸಾವ್ಕಾರ ಕಿರುಚಿದ.

"ನಿಂತಿರೋ ಕಾರಲ್ವಾ ಅದು. ಹಿಂದಕ್ಕೆ ಬರೋದೇ ಇಲ್ಲ. ನಿಮಗ್ಯಾಕೆ ಭಯ?"

'ತಪ್ಪಾಯ್ತು' ಎಂಬ ಆ ಹಾಳು ಮಾತು ಗಂಟಲಿನವರೆಗೆ ಬಂದು ನಿಂತಿತ್ತು. ಗಾಜಣ್ಣ ಹಲ್ಲು ಕಚ್ಚಿ ಅದನ್ನು ನುಂಗಿದ. ಕಾರಿನ ಎಂಜಿನ್ನು ಗುರ್‍ರೆಂದಿತು. ಹಿಂದಿನ ಬಿಳಿ ರಿವರ್ಸ್ ದೀಪ ಹತ್ತಿಕೊಂಡಿತು. ಒಳಗಿನವನ ಕಿವಿಗೆ ಆಗಲೇ ಫೋನು ಏರಿತ್ತು.

ಸಾವ್ಕಾರ ಪಂಚೆ ಎತ್ತಿ ಹಿಡಿದು ಓಡಿದ. ಕಾರಿನ ಬೆನ್ನಿಗೆ ಎರಡೂ ಕೈಯಿಂದ ದಬದಬ ಬಡಿದ.

"ಸಾರ್! ನಿಲ್ಸಿ ಸಾರ್! ಹಿಂದಕ್ಕೆ ಬರ್ಬೇಡಿ, ಹಿಂದೆ ಗಾಜಿದೆ! ಗಾಜಿದೆ ಸಾರ್!"

"ನಾನೂ ಇದ್ದೀನಿ ಸಾವ್ಕಾರ್ರೆ," ಎಂದ ಗಾಜಣ್ಣ ಕೂತಲ್ಲಿಂದಲೇ.

ಬಿಳಿ ದೀಪ ಇನ್ನೂ ಆರಿರಲಿಲ್ಲ.