ತಿರುವಿ ಹಾಕಿದ ಗುಣ್ಯಾ

“ದಾರ ಹಿಡದಾಂವ ನೀ, ಗೂಟಾ ಬಡದಾಂವ ನೀ. ಹಿಂದಿನ ಗ್ವಾಡಿ ಒಂದ್ ಗೇಣು ಉದ್ದ ಬಂತಂದ್ರ ನನ್ನ ಮಾರಿ ನೋಡ್ತೀಯಲ್ಲಲೇ ಹಲ್ಕಟ್!”

ಮುರ್ತುಜಾಸಾಬ ಗೂಟವೊಂದನ್ನು ಒದ್ದ. ಅದು ಹಾರಿ ಸುಣ್ಣದ ಬುಟ್ಟಿಗೆ ಬಡಿಯಿತು.

“ಗೂಟಾ ಗೆರಿ ಮ್ಯಾಲೇ ಅದಾವು ಭಾಯಿ. ಗೆರೀನ ಸೊಟ್ಟ ಬಿದ್ದಾವು,” ಅಂದ ತಮ್ಮ ನಿಜಾಮುದ್ದೀನ.

ಬಾಯಿ ಮುಚ್ಚುವ ಮೊದಲೇ ಏಟು ಬಿತ್ತು. ತುಟಿ ಒಡೆದು ಗದ್ದಕ್ಕೆ ರಕ್ತ ಇಳಿಯಿತು.

ಇಬ್ಬರೂ ಇಂಡಿಯ ಗೌಂಡಿಗಳು. ಆಲಮೇಲದ ಧೂಳಪ್ಪನ ಹೊಸ ಮನೆಗೆ ಪಾಯದ ಗೆರೆ ಹಾಕಲು ಬಂದಿದ್ದರು. ಮುಂದಿನ ಗೆರೆ ಎಳೆದು, ಅದರ ಎರಡೂ ತುದಿಗೆ ಗುಣ್ಯಾ ಇಟ್ಟು ಮಗ್ಗುಲ ಗೆರೆ ಎಳೆದಿದ್ದರು. ಗುಣ್ಯಾ ಅಂದರೆ ಮೂಲೆ ಹಿಡಿಯುವ ಕಬ್ಬಿಣದ ಪಟ್ಟಿ, ಎರಡು ತೋಳಿನದು. ಅದು ತೋರಿಸಿದ ದಿಕ್ಕು ಬಿಟ್ಟು ಕೂದಲೆಳೆಯಷ್ಟೂ ಆಚೆ ಗೆರೆ ಹೋಗಬಾರದು. ಹೋಗಿರಲಿಲ್ಲ. ಆದರೂ ಹಿಂದಿನ ಗೋಡೆ ಮುಂದಿನದಕ್ಕಿಂತ ಒಂದು ಗೇಣು ಉದ್ದವಾಗಿತ್ತು.

ಧೂಳಪ್ಪ ಬೇವಿನ ಗಿಡದ ಕೆಳಗೆ ಕೂತು ನೋಡುತ್ತಿದ್ದ. ಮುರ್ತುಜಾಸಾಬನಿಗೆ ಅದೇ ಉರಿ.

“ಬಾಗೇವಾಡಿ ಕೆಲಸ ನಿನಗ ಬಿಟ್ಟಕೊಡ್ತೇನಂದಿದ್ದೆ. ಮರತಬಿಡು. ನಾಳಿಂದ ಗಚ್ಚು ಕಲಸು. ಸಾಯೂತನಾ ಕಲಸು!”

ನಿಜಾಮುದ್ದೀನ ಗದ್ದದ ರಕ್ತ ಒರೆಸಿಕೊಂಡ. ಬಾಗೇವಾಡಿಯದು ಅವನ ಮೊದಲ ಸ್ವಂತ ಕೆಲಸ. ಅದನ್ನು ನಂಬಿಯೇ ಅವನ ಹೆಂಡತಿ ಸಗೀರಾ ಬೇರೆ ಒಲೆ ಹೂಡುವ ಮಾತಾಡುತ್ತಿದ್ದಳು.

“ಗುಣ್ಯಾ ತಿರುವಿ ಹಾಕಿ ನೋಡೂಣು. ಆಮ್ಯಾಲ ಹೊಡಿ.”

“ಮುಟ್ಟಬ್ಯಾಡ!”

ಮುಟ್ಟುವಂತಿರಲಿಲ್ಲ. ಪಾಯ ಹಾಕುವ ದಿನ ಈ ಮನೆಯವರು ಗುಣ್ಯಾಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆಯುತ್ತಾರೆ. ವಿಭೂತಿ ಹಚ್ಚಿದ ಮಗ್ಗುಲು ಮಾಳಿಗೆ ಏರುವವರೆಗೆ ನೆಲಕ್ಕೆ ತಾಗಬಾರದು. ಪೂಜೆಯ ಮುಂಚೆಯೇ ನಿಜಾಮುದ್ದೀನ ಒಮ್ಮೆ ಪರೀಕ್ಷೆ ಮಾಡೋಣ ಅಂದಿದ್ದ. ಅಣ್ಣ ಆಗಲೂ ಗದರಿಸಿದ್ದ. ಈಗ ಮತ್ತೆ ಕೂಗಿದ.

“ಧಣ್ಯಾರ ದೇವರ ಮಾರಿ ನೆಲಕ್ಕ ಒತ್ತತೀಯೇನು? ಸಾಬರ ಹುಡುಗ ಹಿಂಗ ಮಾಡ್ದ ಅಂತ ಊರ ತುಂಬ ಆಗಬೇಕೇನು?”

ಧೂಳಪ್ಪ ಬಾಯಿ ತೆರೆಯುವುದರೊಳಗೆ ಅವನ ತಾಯಿ ಶೇವಂತೆವ್ವ ಹಳೇ ಮನೆಯ ಬಾಗಿಲಿನಿಂದ ಕೂಗಿದಳು. “ತಿರುವಪಾ ತಮ್ಮಾ. ದೇವರ ಮೂಗೇನ ಸವದ ಹೋಗೂದಿಲ್ಲ. ನನ್ನ ಮನಿ ಸೊಟ್ಟ ಆದ್ರ ನಿಮ್ಮಣ್ಣ ಬಂದು ಗ್ವಾಡಿಗೆ ಬೆನ್ನ ಕೊಟ್ಟು ನಿಂದರ್ತಾನೇನು?”

ನಿಜಾಮುದ್ದೀನ ಗುಣ್ಯಾ ಎತ್ತಿಕೊಂಡ. ಅಲ್ಲೇ ಇದ್ದ ಪರಸಿ ಚಪ್ಪಡಿ ಕಲ್ಲಿನ ನೇರ ಅಂಚಿಗೆ ಒಂದು ತೋಳು ಹಚ್ಚಿ, ಇನ್ನೊಂದರ ಗುಂಟ ಇದ್ದಲಿಯಿಂದ ಗೆರೆ ಎಳೆದ. ಆಮೇಲೆ ಅದನ್ನು ಮಗುಚಿ, ಅದೇ ಅಂಚಿಗೆ ಹಚ್ಚಿ, ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆದ. ವಿಭೂತಿ ಕಲ್ಲಿಗೆ ಮೆತ್ತಿತು. ಗುಣ್ಯಾ ಸರಿಯಿದ್ದರೆ ಎರಡೂ ಗೆರೆ ಒಂದರ ಮೇಲೊಂದು ಬೀಳಬೇಕು. ಬೀಳಲಿಲ್ಲ. ಬುಡದಲ್ಲಿ ಕೂಡಿದ್ದ ಗೆರೆಗಳ ನಡುವೆ ತುದಿಯಲ್ಲಿ ಹೆಬ್ಬೆರಳು ಹಿಡಿಯುವಷ್ಟು ಜಾಗ ಬಿಟ್ಟಿತ್ತು.

“ತೋಳು ಬಿಚ್ಚಕೊಂಡಾವು,” ಅಂದ. ತಲೆಯ ರುಮಾಲು ಕಿತ್ತು ಕಿವಿಯ ಹಿಂದೆ ತೋರಿಸಿದ. ಅಲ್ಲಿ ಕೂದಲು ಹುಟ್ಟದ ಕೆಂಪು ಗಾಯ. “ಸಿಂದಗ್ಯಾಗ ಗಚ್ಚು ನೀರಾತು ಅಂತ ಇದರಿಂದನ ಹೊಡದಿದ್ದಿ. ನೆನಪೈತೇನು? ನನ್ನ ತಲಿ ಕೂಡ್ತು ಭಾಯಿ. ಇದು ಕೂಡಲಿಲ್ಲ.”

ಧೂಳಪ್ಪ ಕಲ್ಲಿನ ಹತ್ತಿರ ಬಂದು ಬಗ್ಗಿ ನೋಡಿದ. ಗೆರೆಗಳ ನಡುವೆ ತನ್ನ ಹೆಬ್ಬೆರಳಿಟ್ಟ. ಅದನ್ನು ಕಂಡು ಮುರ್ತುಜಾಸಾಬ ಹುಚ್ಚನಾದ. ಅವನಿಗೆ ತಪ್ಪು ಕಂಡಿತ್ತು. ಧೂಳಪ್ಪನಿಗೂ ಕಂಡದ್ದೇ ಸಹಿಸಲಾಗಲಿಲ್ಲ. ಗುಣ್ಯಾ ಕಸಿದುಕೊಂಡು ತಮ್ಮನ ತಲೆಗೇ ಬೀಸಿದ. ಏಟು ಹೆಗಲಿಗೆ ಬಿತ್ತು. ನಿಜಾಮುದ್ದೀನ ಕಲ್ಲಿನ ಮೇಲೆ ಬಿದ್ದ. ಅಣ್ಣ ಮತ್ತೆ ಎತ್ತಿದ.

“ಬ್ಯಾಡ ಭಾಯಿ.”

“ನನಗ ಗೆರಿ ತೋರಸ್ತೀ? ನನಗ?”

ಗೂಟ ಬಡಿಯುವ ಸುತ್ತಿಗೆ ನಿಜಾಮುದ್ದೀನನ ಕೈಗೆಟಕುವಂತಿತ್ತು. ಮಲಗಿದಲ್ಲಿಂದಲೇ ಬೀಸಿದ. ಅಣ್ಣನ ಮುಂಗೈಗೆ ಬಡಿದು ಹಸಿ ಕಟ್ಟಿಗೆ ಮುರಿದಂಥ ಸಪ್ಪಳವಾಯಿತು. ಗುಣ್ಯಾ ಬಿತ್ತು. ಮುರ್ತುಜಾಸಾಬ ಮೊಣಕಾಲೂರಿ, ಜೋತುಬಿದ್ದ ಕೈಯನ್ನು ಎದೆಗೆ ಒತ್ತಿಕೊಂಡು ಕೂಗಿದ.

ಶೇವಂತೆವ್ವ ಓಡಿ ಬಂದಳು. “ಎಲಾ ಖೋಡಿಗಳ್ರಾ, ನನ್ನ ಪಾಯಾದಾಗ ರಕ್ತ ಚೆಲ್ಲಿದ್ರಲ್ಲೋ!”

ನಿಜಾಮುದ್ದೀನ ಎದ್ದ. ಗುಣ್ಯಾದ ಒಂದು ತೋಳನ್ನು ಕಾಲಡಿ ಮೆಟ್ಟಿ, ಇನ್ನೊಂದನ್ನು ಸುತ್ತಿಗೆಯಿಂದ ಬಡಿದ. ಮೂಲೆಯ ರಿವೆಟ್ಟು ಕಿತ್ತು ಎರಡು ಪಟ್ಟಿ ಬೇರೆ ಬೇರೆ ಬೀಳುವತನಕ ಬಡಿದ. ಆಮೇಲೆ ಸುತ್ತಿಗೆಯನ್ನು ಧೂಳಪ್ಪನ ಕಾಲ ಬಳಿ ಇಟ್ಟ.

“ಇವನ ಮುರದ ಕೈಗೆ ಪಟ್ಟಿ ಕಟ್ಟಸ್ರಿ,” ಅಂದ. “ಗೆರಿ ಬ್ಯಾರೆಯವರ ಕಡಿಂದ ಹಾಕಸ್ರಿ.”

“ನಿಜಾಮ್, ನಿಂದರಲೇ!” ಅಣ್ಣ ಹಿಂದಿನಿಂದ ಕೂಗಿದ. “ಬಾಗೇವಾಡಿ ಕೆಲಸ ನಿಂದ ಐತಿ, ನಿಂದ ಐತಿ, ನಿಂದರು!”

ಸುಣ್ಣದ ಗೆರೆಗಳನ್ನು ತುಳಿಯುತ್ತ ಅವನು ಸಿಂದಗಿಯ ಹಾದಿ ಹಿಡಿದ. ಹೊರಳಿ ನೋಡಲಿಲ್ಲ. ಮುಂದೆ ಬಾಗೇವಾಡಿಗೂ ಹೋಗಲಿಲ್ಲ, ಇಂಡಿಗೂ ತಿರುಗಿ ಬರಲಿಲ್ಲ.